ಅಗ್ಗದ ಇಯರ್‌ಫೋನ್: ಡಬ್ಬಿ ಹೇಳದ ಸಂಗತಿ

ಕಿವಿಯೊಳಗೆ ಕೂರುವ ಅಗ್ಗದ ಇಯರ್‌ಫೋನ್‌ಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಒಂದೇ ಅಂಕಿ ಕಾಣುತ್ತದೆ: 20ರಿಂದ 20,000 ಹರ್ಟ್ಸ್. ಅದು ಮನುಷ್ಯನ ಶ್ರವಣದ ವ್ಯಾಪ್ತಿಯೇ ಹೊರತು ನಾದದ ಗುಣಮಟ್ಟಕ್ಕೆ ಪ್ರಮಾಣವಲ್ಲ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿಯೇ ವಾದಿಸಿದ್ದರು. ಈ ಮಾರುಕಟ್ಟೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ನಾನು ವೀಣಾವಾದನವನ್ನು ಕೇಳಿ ಪರೀಕ್ಷಿಸುತ್ತೇನೆ. ಮೃದಂಗದ ಎಡಬದಿಯ ನಾದ ಉಬ್ಬಿ ವೀಣೆಯ ಗಮಕವನ್ನು ಮುಚ್ಚಿದರೆ, ಮಂದ್ರವನ್ನು ಬೇಕೆಂದೇ ಹಿಗ್ಗಿಸಿದ್ದಾರೆಂದು ತಿಳಿಯಬಹುದು. ನಾದ ತೆಳುವೆನಿಸಿದರೆ, ದೂರುವ ಮುನ್ನ ಸಿಲಿಕೋನ್ ತುದಿಯ ಅಳತೆ ಬದಲಿಸಿ ನೋಡಬೇಕು. ಅದು ಬಿಗಿಯಾಗಿ ಕೂರದಿದ್ದರೆ ಮಂದ್ರ ಸೋರಿಹೋಗುತ್ತದೆ, ಬೀದಿಯ ಗದ್ದಲ ಒಳನುಗ್ಗುತ್ತದೆ. ನಾವು ಧ್ವನಿ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಮಿತಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ ಮಾತ್ರ. ಒಮ್ಮೆ ನಶಿಸಿದ ಒಳಗಿವಿಯ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ.

ಇನ್ನು ಬಾಳಿಕೆ. ತಂತಿ ಹೆಚ್ಚಾಗಿ ಕಡಿಯುವುದು ಪಿನ್ನಿನ ಬುಡದಲ್ಲಿ. ಅಲ್ಲಿ ಬಾಗುವ ರಬ್ಬರಿನ ಆಸರೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ತಂತಿಯ ಬಾಳಿಕೆ ಮತ್ತು ಗರಿಷ್ಠ ಧ್ವನಿಮಟ್ಟ ಇವೆರಡನ್ನೂ ಡಬ್ಬಿಯ ಮೇಲೆ ಮುದ್ರಿಸುವುದು ಕಡ್ಡಾಯವಾಗಲಿ. ಬಡ ಗ್ರಾಹಕನಿಗೆ ಬೆಲೆಯಷ್ಟೇ ಮಾಹಿತಿಯೂ ಮುಖ್ಯ.