ಆಮೆನ್ ಹಾಡುವ ಮುನ್ನ: ನಾಲ್ಕು ಧ್ವನಿಗಳ ಮುಕ್ತಾಯ

ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆ ಜಂಕ್ಷನ್‌ನಲ್ಲಿ ನಿಂತಾಗ, ಹುಬ್ಬಳ್ಳಿಗೆ ಟಿಕೆಟ್ ಪಡೆದವರು ಇಳಿಯುವುದಿಲ್ಲ. ಹಾಡಿನ ಸಾಲುಗಳಿಗೂ ಇಂಥ ನಿಲುಗಡೆಗಳಿವೆ. ಪಾಶ್ಚಾತ್ಯ ಸಂಗೀತದಲ್ಲಿ ಇವನ್ನು ಕೇಡೆನ್ಸ್ ಎನ್ನುತ್ತಾರೆ. ನಮ್ಮ ಗಾಯನ ವೃಂದಗಳಿಗಾಗಿ ನಾಲ್ಕು ಧ್ವನಿಗಳಲ್ಲಿ ಬರೆಯಲು ತೊಡಗಿದವರು ಮೊದಲು ಕಲಿಯಬೇಕಾದದ್ದು ಇದನ್ನೇ.

ನಮಗೆ ಪರಿಚಿತವಾದ ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಳ್ಳೋಣ. ಪ-ನಿ-ರಿ ಸೇರಿದ ಕಾರ್ಡ್‌ನಲ್ಲಿ ಸಾಲು ನಿಂತರೆ ಅದು ಅರ್ಧ ನಿಲುಗಡೆ, ಅಂದರೆ ನಮ್ಮ ಅರಸೀಕೆರೆ. ಅಲ್ಲಿಂದ ಸ-ಗ-ಪ ಕಾರ್ಡ್‌ಗೆ ಬಂದರೆ ಪೂರ್ಣ ಮುಕ್ತಾಯ. ಬರೆಯುವ ಕ್ರಮ ಹೀಗೆ: ಬೇಸ್ ‘ಪ’ದಿಂದ ‘ಸ’ಕ್ಕೆ ಏರಲಿ, ಆಲ್ಟೊ ‘ಪ’ದಲ್ಲೇ ಉಳಿಯಲಿ, ಸೊಪ್ರಾನೊ ‘ನಿ’ಯಿಂದ ಮೇಲಿನ ‘ಸ’ಕ್ಕೆ, ಟೆನರ್ ‘ರಿ’ಯಿಂದ ‘ಗ’ಕ್ಕೆ ಹೋಗಲಿ.

ಹೊಸಬರು ತಪ್ಪುವುದು ಹೆಚ್ಚಾಗಿ ಟೆನರ್‌ನಲ್ಲಿ. ‘ರಿ’ ಕೆಳಗಿನ ‘ಸ’ಕ್ಕೆ ಇಳಿದರೆ ಕೊನೆಯ ಕಾರ್ಡ್‌ನಲ್ಲಿ ‘ಗ’ ಇರುವುದೇ ಇಲ್ಲ, ಹಾಡು ಟೊಳ್ಳಾಗಿ ಕೇಳಿಸುತ್ತದೆ. ಇದ್ದ ಒಬ್ಬ ಟೆನರ್ ಭಾನುವಾರ ಬಾರದಿದ್ದರೆ? (ಸಣ್ಣ ಧರ್ಮಕೇಂದ್ರಗಳಲ್ಲಿ ಇದು ಹೊಸದೇನಲ್ಲ.) ಆಲ್ಟೊದವರು ಕೊನೆಗೆ ‘ಪ’ ಬಿಟ್ಟು ‘ಗ’ ಹಾಡಲಿ. ‘ಪ’ ಇಲ್ಲದಿದ್ದರೂ ನಡೆಯುತ್ತದೆ, ‘ಗ’ ಬೇಕೇ ಬೇಕು.

ಬಲಿಪೂಜೆಯ ಆಮೆನ್‌ಗೆ ಇನ್ನೊಂದು ಬಗೆಯ ಮುಕ್ತಾಯವಿದೆ: ಮ-ದ-ಸ ಕಾರ್ಡ್‌ನಿಂದ ಸ-ಗ-ಪ. ಸೊಪ್ರಾನೊ ‘ಸ’ದಲ್ಲೇ ನಿಲ್ಲುತ್ತದೆ. ಆಲ್ಟೊ ‘ಮ’ದಿಂದ ‘ಗ’ಕ್ಕೆ, ಟೆನರ್ ‘ದ’ದಿಂದ ‘ಪ’ಕ್ಕೆ, ಬೇಸ್ ‘ಮ’ದಿಂದ ‘ಸ’ಕ್ಕೆ ಇಳಿಯುತ್ತವೆ. ‘ನಿ’ಯ ಎಳೆತವಿಲ್ಲದ ಕಾರಣ ಇದು ಮೃದು. ನಮ್ಮ ಅನಿಸಿಕೆಯಂತೆ ಹೊಸ ವೃಂದಕ್ಕೆ ಮೊದಲು ಅಭ್ಯಾಸ ಮಾಡಿಸಲು ಇದೇ ಸುಲಭ.