ಗಾಳಕ್ಕೆ ಸಿಕ್ಕ ಕಿರುಮೀನು ಮರಿಯೇ?

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಂತಹ ಊರುಗಳಲ್ಲಿ ಕೆರೆಯೂ ಉಂಟು, ಗಾಳ ಹಾಕುವವರೂ ಉಂಟು. ಅಂಗೈಯಗಲದ ಮೀನು ಸಿಕ್ಕರೆ ಅದು ಮರಿಯೆಂದೂ, ನೀರಿಗೆ ಬಿಟ್ಟರೆ ಮುಂದಿನ ವರ್ಷ ದೊಡ್ಡದಾಗಿ ದೊರೆಯುವುದೆಂದೂ ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ?

ಹಸುವಾಗಲಿ ಮನುಷ್ಯನಾಗಲಿ ಒಂದು ವಯಸ್ಸಿಗೆ ಬೆಳವಣಿಗೆಯನ್ನು ನಿಲ್ಲಿಸುವುದು ಪ್ರಕೃತಿನಿಯಮ. ಮೀನಿನ ರೀತಿ ಬೇರೆ. ಆಹಾರ ದೊರೆತರೆ ಪ್ರಾಯಕ್ಕೆ ಬಂದ ಮೇಲೂ ಅದು ಬೆಳೆಯುತ್ತಲೇ ಇರುತ್ತದೆ. ಆಹಾರ ಸಾಲದಿದ್ದರೆ ಸಾಯದೆ, ಹೆಚ್ಚು ಬೆಳೆಯದೆ, ಬಹುಕಾಲ ಕುಳ್ಳಾಗಿಯೇ ಉಳಿಯಬಲ್ಲದು. ಆದುದರಿಂದ ಮೀನಿನ ಉದ್ದವನ್ನು ನೋಡಿ ವಯಸ್ಸನ್ನು ಹೇಳಲಾಗದು.

ಇಲ್ಲಿ ಸ್ವಲ್ಪ ಗಣಿತವನ್ನು ನೋಡೋಣ. ಆಕಾರ ಬದಲಾಗದೆ ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. 10 ಸೆಂಟಿಮೀಟರ್ ಉದ್ದದ ಮೀನು 20 ಗ್ರಾಂ ತೂಗಿದರೆ, 20 ಸೆಂಟಿಮೀಟರಿನದು ಸುಮಾರು 160 ಗ್ರಾಂ ತೂಗಬೇಕು. ಒಂದು ಕೊಳದಲ್ಲಿರುವ ಆಹಾರ 160 ಕಿಲೋಗ್ರಾಂ ಮೀನಿಗೆ ಮಾತ್ರ ಸಾಕೆಂದು ಭಾವಿಸೋಣ. ಅಲ್ಲಿ 1,000 ದೊಡ್ಡ ಮೀನುಗಳಿರಬಹುದು, ಇಲ್ಲವೆ 8,000 ಕಿರುಮೀನುಗಳಿರಬಹುದು. ಎರಡೂ ಒಟ್ಟಿಗೆ ಸಾಧ್ಯವಿಲ್ಲ.

ಆಫ್ರಿಕ ಮೂಲದ ಟಿಲಾಪಿಯ, ಅಂದರೆ ನಮ್ಮವರ ಜಿಲೇಬಿ ಮೀನು, ಇದಕ್ಕೆ ಒಳ್ಳೆಯ ನಿದರ್ಶನ. ಮೊಜಾಂಬಿಕ್ ಟಿಲಾಪಿಯ ಭಾರತಕ್ಕೆ ಬಂದುದು 1952ರಲ್ಲಿ. ಅದು ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು, ನಿಂತ ನೀರಿನಲ್ಲೇ ವರ್ಷಕ್ಕೆ ಹಲವು ಬಾರಿ ಮರಿಮಾಡುತ್ತದೆ. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವಾಗ ಆಹಾರವನ್ನು ಬಹುಮಟ್ಟಿಗೆ ತೊರೆಯುವುದರಿಂದ ಅದರ ಬೆಳವಣಿಗೆ ಇನ್ನೂ ಕುಂಠಿತವಾಗುತ್ತದೆ. ಹೀಗೆ ಸಂತತಿ ತುಂಬಿದ ಕೆರೆಯಲ್ಲಿ ಅಂಗೈಯಗಲದ ಜಿಲೇಬಿಯು ಮರಿಯಾಗಿರದೆ, ಹಲವು ಮರಿಗಳ ತಾಯಿಯಾಗಿರಬಹುದು!

ಕಾಟ್ಲಾ, ರೋಹು, ಮೃಗಾಲ್‌ಗಳ ಕಥೆ ಇದಕ್ಕೆ ವಿರುದ್ಧವಾದುದು. ಇವು ಮೊಟ್ಟೆಯಿಡಲು ಮಳೆಗಾಲದ ಹರಿಯುವ ನದಿ ಬೇಕು. ಸಾಮಾನ್ಯವಾಗಿ ಕೆರೆಯಲ್ಲಿ ಇವು ಮರಿಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂತಹ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ಬಿತ್ತನೆಯ ಮರಿಗಳು ಸುಲಭವಾಗಿ ದೊರೆಯತೊಡಗಿದವು. ಕೆರೆಗೆ ಬಿಟ್ಟಷ್ಟೇ ಸಂಖ್ಯೆ. ಆಹಾರ ಸಮೃದ್ಧವಾಗಿದ್ದರೆ ಕಾಟ್ಲಾ ಒಂದೇ ವರ್ಷದಲ್ಲಿ ಒಂದು ಕಿಲೋಗ್ರಾಂ ಮುಟ್ಟಬಲ್ಲದು.

ಅಮೆರಿಕದ ಅಲಬಾಮದಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಕೊಳಗಳಲ್ಲಿ ಪ್ರಯೋಗ ನಡೆಸಿ ಇದೇ ತತ್ತ್ವವನ್ನು ತೋರಿಸಿದರು: ಕಿರುಮೀನುಗಳನ್ನು ತಿನ್ನುವ ಬೇಟೆಮೀನುಗಳು ತಕ್ಕಷ್ಟಿದ್ದರೆ, ಉಳಿದ ಕಿರುಮೀನುಗಳು ಚೆನ್ನಾಗಿ ಬೆಳೆಯುತ್ತವೆ.

ಹಾಗಾದರೆ ಗಾಳ ಹಾಕುವವರು ಅರಿಯಬೇಕಾದುದೇನು? ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಮೊದಲು ಗುತ್ತಿಗೆದಾರರ ಒಪ್ಪಿಗೆಯನ್ನು ಪಡೆಯಬೇಕು. ಅದು ಅವರ ಅನ್ನದ ಮಾತು. ಕಾಟ್ಲಾ, ರೋಹುಗಳ ಮರಿ ಸಿಕ್ಕರೆ ಗಾಯಗೊಳಿಸದೆ ನೀರಿಗೆ ಬಿಡಬೇಕು. ಅದು ಬೆಳೆಯುವ ಬೀಜ. ಕಿಕ್ಕಿರಿದ ಕೆರೆಯ ಸಣ್ಣ ಜಿಲೇಬಿಯನ್ನು ಮಾತ್ರ ಕರುಣೆಯಿಂದ ಹಿಂದಕ್ಕೆ ಬಿಡಬೇಕಾಗಿಲ್ಲ. ಅದನ್ನು ಮನೆಗೊಯ್ದರೆ ಉಳಿದವುಗಳ ಪಾಲು ಹೆಚ್ಚುವುದು. ಆ ಮೀನಿಲ್ಲದ ಕೆರೆಗೆ ಅದನ್ನು ತಂದು ಬಿಡುವ ಸಾಹಸವನ್ನಂತೂ ಯಾರೂ ಮಾಡಬಾರದು. ಒಮ್ಮೆ ಬೇರೂರಿದ ಸಂತತಿಯನ್ನು ಗಾಳದಿಂದ ತೆಗೆದು ಮುಗಿಸಲು ಯಾರಿಂದಲೂ ಆಗದು.