ಹೊಟ್ಟಲ್ಲ, ಬೀಜವೇ ಹಾರಿದಾಗ

ಕೈವಾರದ ಸುತ್ತಮುತ್ತಲ ಕಣಗಳಲ್ಲಿ ರಾಗಿ ತೂರುವುದನ್ನು ನೀವು ನೋಡಿರುತ್ತೀರಿ. ಮೊರವನ್ನು ಎತ್ತಿ ಹಿಡಿದು ಸುರಿದರೆ ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಯ ಪಾಲಾಗುತ್ತದೆ. ಇಂಥದೇ ಕೆಲಸ ಆಕಾಶದಲ್ಲೂ ನಡೆಯುತ್ತಿದೆ ಎಂದರೆ ನಂಬುವಿರಾ? ಆದರೆ ಅಲ್ಲಿ ಹಾರಿಹೋಗುವುದು ಹೊಟ್ಟಲ್ಲ, ಮುಂದಿನ ಬಿತ್ತನೆಯ ಬೀಜ!

ನಮ್ಮ ಸೂರ್ಯನಿರುವ ಆಕಾಶಗಂಗೆ ಒಂದು ಸುರುಳಿ ಗ್ಯಾಲಕ್ಸಿ. ಇಂಥ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳ ನಡುವೆ ಅನಿಲ ತುಂಬಿರುತ್ತದೆ. ಅದರಲ್ಲಿ ಹೆಚ್ಚಿನದು ಹೈಡ್ರೋಜನ್. ಈ ಅನಿಲ ತಣ್ಣಗಾಗಿ ಒತ್ತಾಗಿ ಸೇರಿದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅನಿಲ ಮುಗಿದರೆ ಹುಟ್ಟೂ ಮುಗಿಯಿತು.

ಕೆಲವು ಕಡೆ ನೂರಾರು, ಸಾವಿರಾರು ಗ್ಯಾಲಕ್ಸಿಗಳು ಗುಂಪಾಗಿರುತ್ತವೆ. ಅವುಗಳ ನಡುವಿನ ಜಾಗ ಬರಿದಲ್ಲ. ಅಲ್ಲಿ ಬಹಳ ತೆಳುವಾದ, ಕೋಟ್ಯಂತರ ಡಿಗ್ರಿ ಬಿಸಿಯ ಅನಿಲವಿದೆ. ಗಾಳಿ ಬೀಸದ ದಿನವೂ ಸ್ಕೂಟರಿನ ಹಿಂದೆ ಕುಳಿತು ಹೋಗುವಾಗ ನಿಮ್ಮ ದುಪಟ್ಟಾ ಹಾರುತ್ತದಲ್ಲವೇ? ಹಾಗೆಯೇ, ವೇಗವಾಗಿ ನುಗ್ಗುವ ಗ್ಯಾಲಕ್ಸಿಗೆ ಆ ಬಿಸಿ ಅನಿಲ ಎದುರುಗಾಳಿಯಾಗುತ್ತದೆ. ನಕ್ಷತ್ರಗಳು ಒತ್ತಾದ ಉಂಡೆಗಳು, ಅವು ಕಾಳಿನಂತೆ ಉಳಿಯುತ್ತವೆ. ಹರಡಿಕೊಂಡ ಅನಿಲ ಮಾತ್ರ ಹಿಂದಕ್ಕೆ ತಳ್ಳಲ್ಪಡುತ್ತದೆ. ಈ ಒತ್ತಡದ ಲೆಕ್ಕವನ್ನು 1972ರಲ್ಲಿ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಜೆಓ201 ಎಂಬ ಗ್ಯಾಲಕ್ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ನಮ್ಮಿಂದ 70 ಕೋಟಿ ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿದೆ. ಏಬೆಲ್ 85 ಎಂಬ ಗುಂಪಿನೊಳಗೆ ಸೆಕೆಂಡಿಗೆ 3,000 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗುತ್ತಿದೆ. ಕಿತ್ತುಹೋದ ಅನಿಲ ಬಾಲಗಳಂತೆ ಹಿಂದೆ ಹರಡಿರುವುದರಿಂದ ಇಂಥವನ್ನು ಜೆಲ್ಲಿಫಿಶ್ ಗ್ಯಾಲಕ್ಸಿಗಳೆಂದು ಕರೆಯುತ್ತಾರೆ.

ಇದರಲ್ಲಿ ನಮ್ಮ ನಾಡಿಗೂ ಪಾಲಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿತು. ಅದರಲ್ಲಿರುವ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ನೇರಳಾತೀತ ಬೆಳಕನ್ನು ಹೆಚ್ಚಾಗಿ ಸೂಸುತ್ತವೆ. ಆ ಬೆಳಕಿನ ಬಹುಭಾಗವನ್ನು ಭೂಮಿಯ ವಾತಾವರಣ ತಡೆಯುವುದರಿಂದ ದೂರದರ್ಶಕ ಮೇಲೇರಬೇಕು. ಕೋಶಿ ಜಾರ್ಜ್ ಮತ್ತು ಸಂಗಡಿಗರು ಅದರಿಂದ ಜೆಓ201ನ್ನು ನೋಡಿ 2018ರಲ್ಲಿ ವರದಿ ಪ್ರಕಟಿಸಿದರು. ಅವರು ಕಂಡದ್ದೇನು? ಗ್ಯಾಲಕ್ಸಿಯಿಂದ ಹೊರಬಿದ್ದ ಬಾಲಗಳಲ್ಲೂ ನಕ್ಷತ್ರಗಳು ಹುಟ್ಟುತ್ತಿದ್ದವು! ಗಾಳಿಗೆ ಹಾರಿದ ಬೀಜ ಬೇಲಿಯಾಚೆ ಮೊಳೆತಂತೆ.

ಆದರೆ ತಾಯಿ ಗ್ಯಾಲಕ್ಸಿಯ ಗತಿ? ಅನಿಲ ಕಳೆದುಕೊಂಡ ಗ್ಯಾಲಕ್ಸಿಯಲ್ಲಿ ಹೊಸ ಹುಟ್ಟು ನಿಲ್ಲುತ್ತದೆ. ನೀಲಿ ಬಣ್ಣದ ದೊಡ್ಡ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವೆ. ಕೊನೆಗೆ ಉಳಿಯುವುದು ಹಳೆಯ, ಕೆಂಪು ಬಣ್ಣದ ನಕ್ಷತ್ರಗಳು. ನಮ್ಮ ಆಕಾಶಗಂಗೆ ಅಂಥ ದೊಡ್ಡ ಗುಂಪಿನೊಳಗಿಲ್ಲ. ಇಲ್ಲಿ ಇಂದಿಗೂ ನಕ್ಷತ್ರಗಳು ಹುಟ್ಟುತ್ತಿವೆ.

ಮನೆಯ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, "ಅಮ್ಮೀ, ನಾನು ವಿಜ್ಞಾನ ಓದುತ್ತೇನೆ" ಎಂದರೆ ಅದು ನಮಗೆ ದೂರದ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲೇ 1976ರಿಂದ ಆಕಾಶದ ರೇಡಿಯೋ ಅಲೆಗಳನ್ನು ಆಲಿಸುವ ವೀಕ್ಷಣಾಲಯವಿದೆ. ಕೈವಾರ ಕ್ರಾಸಿನಲ್ಲಿ ಬೆಂಗಳೂರು ಬಸ್ಸು ಹತ್ತಿದರೆ ದಾರಿಯಲ್ಲೇ ಹೊಸಕೋಟೆ ಸಿಗುತ್ತದೆ. ಹುಟ್ಟಿದ ಕುತೂಹಲ ಗಾಳಿಗೆ ಹಾರಿಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.